ಧೈರ್ಯ ಹೇಳಿದರೆ ಇಳಿಯುವ ಒತ್ತಡವಲ್ಲ ಇದು

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿ, ಸಾಸ್ತೂರು ಸೀಮೆಯ ಜನರ ಮೇಲೆ ಭೂಕಂಪಕ್ಕೆ ಕಲ್ಲು-ಮಣ್ಣಿನ ಗೋಡೆಗಳು ಬಿದ್ದವು. ಸುಮಾರು ಹತ್ತು ಸಾವಿರ ಮಂದಿ ಸತ್ತರು. ಉಳಿದವರಿಗೆ ಪರಿಹಾರದ ಚೆಕ್ಕು ಬಂತು, ಪತ್ರಾಸಿನ ಶೆಡ್ಡು ಬಂತು, ಕೊನೆಗೆ ಕಾಂಕ್ರೀಟಿನ ಮನೆಯೂ ಬಂತು. ಮನಸ್ಸಿನ ಪಾಲಿಗೆ ಬಂದದ್ದು ಬಹುಮಟ್ಟಿಗೆ ‘ಧೈರ್ಯ ತಗೋರಿ’ ಎಂಬ ಮಾತು. ಬದುಕುಳಿದವರನ್ನು ಪರೀಕ್ಷಿಸಿ 1996ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದು ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಾನಸಿಕ ಕಾಯಿಲೆ ಇದ್ದುದನ್ನು ಗುರುತಿಸಿತು. ಅವರೆಲ್ಲ ಅಳ್ಳೆದೆಯವರೇ? ಮಿದುಳಿನ ವಿಜ್ಞಾನ ಹೌದೆನ್ನುವುದಿಲ್ಲ.

ಅಪಾಯ ಕಂಡೊಡನೆ ಮಿದುಳಿನ ಹೈಪೋಥಲಾಮಸ್ ಪಿಟ್ಯುಟರಿಯನ್ನು ಎಬ್ಬಿಸುತ್ತದೆ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುತ್ತದೆ, ರಕ್ತದಲ್ಲಿ ಕಾರ್ಟಿಸಾಲ್ ಏರುತ್ತದೆ. ಏರುವುದರಲ್ಲಿ ತಪ್ಪೇನಿಲ್ಲ, ಇಳಿಯದಿದ್ದರೆ ಕೇಡು. ಇಳಿಸುವ ಕೆಲಸವೂ ಕಾರ್ಟಿಸಾಲಿನದೇ: ಅದು ಮಿದುಳಿಗೆ ಮರಳಿ ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡಾಗ ‘ಸಾಕು’ ಎಂಬ ಆಜ್ಞೆ ಹೊರಡುತ್ತದೆ. ಇಲಿಯ ಮಿದುಳಿನ ಹಿಪೊಕ್ಯಾಂಪಸ್ ಭಾಗ ಈ ಬಗೆಯ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆಂದು ವಿಜ್ಞಾನಿ ಬ್ರೂಸ್ ಮ್ಯಾಕ್‌ಇವನ್ 1968ರಲ್ಲಿ ತೋರಿಸಿದರು. ಗ್ರಾಹಕಗಳು ಎರಡು ಬಗೆಯವೆಂದು ಆಮೇಲೆ ತಿಳಿಯಿತು. ಮಿನರಲೊಕಾರ್ಟಿಕಾಯ್ಡ್ ಗ್ರಾಹಕ ಸ್ವಲ್ಪ ಹಾರ್ಮೋನಿಗೇ ತುಂಬಿಬಿಡುತ್ತದೆ, ದಿನನಿತ್ಯದ ಸಮತೋಲ ಕಾಯುತ್ತದೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕ ಒತ್ತಡ ಏರಿದಾಗಷ್ಟೇ ಪೂರ್ತಿ ತುಂಬಿ, ಬ್ರೇಕು ಹಾಕುತ್ತದೆ. ಖಿನ್ನತೆಯ ಎಷ್ಟೋ ರೋಗಿಗಳಲ್ಲಿ ಈ ಬ್ರೇಕು ಸಡಿಲ. ಆಘಾತದ ನೆನಪು ಬಿಡದೆ ಕಾಡುವವರಲ್ಲಿ ಅನೇಕರಿಗೆ ಅದು ಅತಿ ಬಿಗಿ. ಅವರ ಕಾರ್ಟಿಸಾಲ್ ಕೆಲವೊಮ್ಮೆ ಸಾಮಾನ್ಯಕ್ಕಿಂತ ಕಡಿಮೆಯೇ ಇರುತ್ತದೆಂದು ರೇಚಲ್ ಯಹೂದಾ ಅವರ ಸಂಶೋಧನೆ ಕಂಡುಕೊಂಡಿದೆ. ಹಾರ್ಮೋನು ಅಳೆದು ಮನಸ್ಸಿನ ಗಟ್ಟಿತನ ಹೇಳಲಾಗದು.

ಹಾಗಾದರೆ ಗುಳಿಗೆ ಕೊಟ್ಟು ಸರಿಮಾಡಬಹುದಲ್ಲ ಎನ್ನುವವರಿದ್ದಾರೆ. ಒತ್ತಡದ ಮೊದಲ ಸಂದೇಶವನ್ನೇ ತಡೆಯುವ ಔಷಧಗಳನ್ನು ಖಿನ್ನತೆಗೆ ಪ್ರಯೋಗಿಸಿ ನೋಡಿದ್ದಾಯಿತು, ನೆಚ್ಚುವಂಥ ಫಲ ಸಿಗಲಿಲ್ಲ. ಬೇರೆ ಕಡೆಯಿಂದ ಇನ್ನೊಂದು ಆಕ್ಷೇಪ: ಸಾಲ, ಬರ, ಬೆಲೆ ಕುಸಿತಗಳನ್ನು ಮಿದುಳಿನ ರಸಾಯನವೆಂದರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ. ಈ ಆತಂಕ ನ್ಯಾಯವಾದದ್ದೇ. ಆದರೆ ಪುರಾವೆ ಸರ್ಕಾರದ ಕಡೆಗಿಲ್ಲ. ತಾಯಿ ಹೆಚ್ಚು ನೆಕ್ಕಿ ಸಾಕಿದ ಇಲಿಮರಿಗಳ ಹಿಪೊಕ್ಯಾಂಪಸ್ಸಿನಲ್ಲಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಗಳು ಹೆಚ್ಚು, ಅವುಗಳ ಒತ್ತಡದ ಪ್ರತಿಕ್ರಿಯೆ ಮಿತವೆಂದು ಮೈಕೆಲ್ ಮೀನಿ ಅವರ ತಂಡ ತೋರಿಸಿದೆ. ಮರಿಗಳನ್ನು ಬೇರೆ ತಾಯಿಯ ಮಡಿಲಿಗೆ ಹಾಕಿದರೆ ಸಾಕಿದವಳಂತೆಯೇ ಬೆಳೆದವು. ಇಲಿಯಿಂದ ಮನುಷ್ಯರಿಗೆ ನೇರ ಗೆರೆ ಎಳೆಯಲಾಗದು, ನಿಜ. ಆದರೂ ಗ್ರಾಹಕಗಳನ್ನು ಸುತ್ತಲಿನ ಬದುಕು ತಿದ್ದುತ್ತದೆ ಎಂದಾದ ಮೇಲೆ ಸಾಲವೂ ಬರವೂ ಲೆಕ್ಕದೊಳಗೇ ಬರುತ್ತವೆ. ಬರದಿಂದಾಗಿ 2016ರಲ್ಲಿ ಮೀರಜಿನಿಂದ ರೈಲಿನಲ್ಲಿ ಇದೇ ಸೀಮೆಯ ಲಾತೂರಿಗೆ ನೀರು ತರಬೇಕಾಯಿತು. ಭೂಕಂಪ ಕ್ಷಣಗಳಲ್ಲಿ ಮುಗಿಯಿತು. ಸೋಯಾಬೀನು, ತೊಗರಿ ನಂಬಿದ ರೈತನ ಆತಂಕಕ್ಕೆ ಮುಗಿಯುವ ದಿನವೇ ಗೊತ್ತಿಲ್ಲ.

ಆದ್ದರಿಂದ ಬೆಳೆ ವಿಮೆಯ ಹಣ ಹೊತ್ತಿಗೆ ಸರಿಯಾಗಿ ಬರುವುದೂ ಮಾನಸಿಕ ಆರೋಗ್ಯದ ಕೆಲಸವೇ. ಅದರ ಜೊತೆಗೆ ಮಾತು ಕೇಳುವವರೂ ಬೇಕು, ಕೇಳುವವರಿಗೆ ರೋಗಿಯ ಭಾಷೆ ಬರಬೇಕು. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಆರಂಭಿಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈ ಸೀಮೆಯ ಮುರುಮ ಊರಿನ ಕನ್ನಡ ಮನೆಮಾತಿನ ಅಜ್ಜಿಗೆ ಮರಾಠಿಯೂ ಬರುತ್ತದಲ್ಲ ಎಂದರೆ, ಸಂತೆಯ ವ್ಯವಹಾರಕ್ಕೆ ಅದು ಸಾಕು; ನಿದ್ದೆಗೆಡಿಸುವ ಭಯ ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವಾಗ ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಉಮರ್ಗಾ, ನಿಲಂಗಾ, ಉದಗೀರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರನ್ನು ಮಹಾರಾಷ್ಟ್ರ ಸರ್ಕಾರ ನೇಮಿಸಲಿ. ಅಲ್ಲಿಯವರೆಗೆ, 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.