ಕಿಟಕಿ ಸರಳಿನ ಬಣ್ಣದಲ್ಲಿ ಸೀಸ: ಪ್ರೊ. ವೆಂಕಟೇಶ್ ಲೆಕ್ಕ ಕೊಟ್ಟರು, ನಮ್ಮ ಜಿಲ್ಲೆಯ ಲೆಕ್ಕ ಎಲ್ಲಿ?

ಹಬ್ಬ ಬಂತು ಅಂದ್ರೆ ಮನೆಗೆ ಸುಣ್ಣ-ಬಣ್ಣ. ಗೇಟು, ಕಿಟಕಿ ಸರಳುಗಳ ಹಳೇ ಪೇಂಟನ್ನು ಸ್ಯಾಂಡ್ ಪೇಪರ್ ಹಾಕಿ ಉಜ್ಜುತ್ತೇವೆ. ಧೂಳು ಅಂಗಳದಲ್ಲಿ ಬೀಳುತ್ತೆ, ಅಲ್ಲೇ ಮಗು ಆಡುತ್ತೆ. ಆ ಧೂಳಲ್ಲಿ ಸೀಸ ಇರಬಹುದು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಈ ಪ್ರಶ್ನೆ ಹಿಡಿದು ದಶಕಗಳ ಕಾಲ ಕೆಲಸ ಮಾಡಿದವರು ಬೆಂಗಳೂರಿನ ಪ್ರೊ. ತುಪ್ಪಿಲ್ ವೆಂಕಟೇಶ್. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಲ್ಲಿನ ಸೀಸ ವಿಷಬಾಧೆಯ ರಾಷ್ಟ್ರೀಯ ಕೇಂದ್ರವನ್ನು ನಡೆಸಿದವರು, ಮುಂದೆ ಸ್ವಯಂಸೇವಾ ಸಂಸ್ಥೆಯ ಮೂಲಕವೂ ಅದೇ ಕೆಲಸ ಮುಂದುವರಿಸಿದವರು. ಪತ್ರಿಕೆಗಳು ಅವರನ್ನು 'ಭಾರತದ ಸೀಸದ ಮನುಷ್ಯ' ಅಂತಲೇ ಕರೆದವು.

ಮೊದಲು ಲೆಕ್ಕ, ಆಮೇಲೆ ಮಾತು

1990ರ ದಶಕದ ಕೊನೆಯಲ್ಲಿ ಅಬ್ರಹಾಂ ಜಾರ್ಜ್ ಅವರ ಜಾರ್ಜ್ ಫೌಂಡೇಶನ್ ಜೊತೆ ಸೇರಿ ಬೆಂಗಳೂರು ಸೇರಿದಂತೆ ದೇಶದ ಏಳು ನಗರಗಳಲ್ಲಿ ಜನರ ರಕ್ತಪರೀಕ್ಷೆ ನಡೆಯಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಸೀಸ ಪ್ರತಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಆಗ ಎಚ್ಚರಿಕೆಯ ಗಡಿ ಅಂತ ಇದ್ದದ್ದು ಅಷ್ಟೇ. ಇವತ್ತು ಅಮೆರಿಕದಲ್ಲಿ ಆ ಗಡಿ 3.5ಕ್ಕೆ ಇಳಿದಿದೆ. ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ.

2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಇದು ಒಬ್ಬರೇ ಮಾಡಿದ ಕೆಲಸ ಅಂದ್ರೆ ತಪ್ಪಾಗುತ್ತೆ. ದೆಹಲಿಯ ಗಾಳಿಯ ಬಗ್ಗೆ ಸುಪ್ರೀಂ ಕೋರ್ಟ್ ಆದೇಶಗಳಿದ್ದವು, ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗೂ ಸೀಸ ಆಗಿಬರುತ್ತಿರಲಿಲ್ಲ. ಆದರೆ 'ನಮ್ಮ ಮಕ್ಕಳಿಗೆ ಏನಾಗಿದೆ?' ಅಂತ ಕೇಳಿದವರ ಮುಂದೆ ಇಡೋಕೆ ಅಂಕಿಅಂಶ ಇದ್ದದ್ದು ಇಂಥ ಪರೀಕ್ಷೆಯಿಂದಲೇ.

ಕಾನೂನು ಬಂತು, ತಲುಪಿತಾ?

ಆಮೇಲೆ ಉಳಿದದ್ದು ಪೇಂಟು. ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅಂದ್ರೆ ಕೆಜಿಗೆ 90 ಮಿಲಿಗ್ರಾಂ, ಅಂತ ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಜಾರಿ. ಡಬ್ಬಿ ಮೇಲೆ ಅದನ್ನು ನಮೂದಿಸಬೇಕು.

ದೊಡ್ಡ ಕಂಪನಿಗಳು ಬಹುತೇಕ ಬದಲಾದವು. ಆದರೆ ಸಣ್ಣ ತಯಾರಕರ ಎನಾಮಲ್ ಪೇಂಟುಗಳಲ್ಲಿ ಮಿತಿ ಮೀರಿದ ಸೀಸ ಸಿಗುತ್ತಲೇ ಇದೆ ಅಂತ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ನಿಯಮ ಬಂದ ಮೇಲೂ ತೋರಿಸಿದೆ. ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಅಪಾಯ ಜಾಸ್ತಿ. ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗೋ ಡಬ್ಬಿ ಯಾವುದು, ಅದನ್ನು ಪರೀಕ್ಷೆ ಮಾಡಿದವರು ಯಾರು? ಇನ್ನು ಕಾನೂನಿಗೆ ಮುಂಚೆ ಬಳಿದ ಪೇಂಟು ಹಳೇ ಮನೆ, ಶಾಲೆ, ಅಂಗನವಾಡಿಗಳ ಕಿಟಕಿ ಬಾಗಿಲ ಮೇಲೆ ಹಾಗೇ ಕೂತಿದೆ.

2020ರ ಯುನಿಸೆಫ್-ಪ್ಯೂರ್ ಅರ್ಥ್ ವರದಿ ಪ್ರಕಾರ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂಗಿಂತ ಹೆಚ್ಚಿದೆ. ಬರೀ ಪೇಂಟಲ್ಲ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಶೆಡ್ಡುಗಳು, ಹಳದಿ ಹೆಚ್ಚಲಿ ಅಂತ ಅರಿಶಿನಕ್ಕೆ ಬೆರೆಸೋ ಬಣ್ಣ, ತವರದ ಜೊತೆ ಸೀಸ ಸೇರಿಸಿ ಹಾಕೋ ಕಲಾಯಿ, ಇವೂ ದಾರಿಗಳೇ.

ಕಾಣದ ನಷ್ಟ

ಸೀಸ ಹೊಕ್ಕ ಮಗು ಒಮ್ಮೆಲೇ ಹಾಸಿಗೆ ಹಿಡಿಯೋದಿಲ್ಲ. ಕಲಿಕೆ ನಿಧಾನ ಆಗುತ್ತೆ, ಗಮನ ನಿಲ್ಲಲ್ಲ, ರಕ್ತಹೀನತೆ ಬರುತ್ತೆ. 'ಈ ಹುಡುಗ ದಡ್ಡ' ಅಂತ ಮೇಷ್ಟ್ರು ಬೈತಾರೆ, ಅಪ್ಪ ಹೊಡೀತಾನೆ. ಕಬ್ಬಿಣ, ಸುಣ್ಣದ ಅಂಶ ಕಡಿಮೆ ಇರೋ ಮೈ ಸೀಸವನ್ನು ಇನ್ನೂ ಬೇಗ ಹೀರುತ್ತೆ. ಹಾಗಾಗಿ ಹೊಡೆತ ಬೀಳೋದು ಬಡವರ ಮಕ್ಕಳಿಗೇ ಜಾಸ್ತಿ.

ವೆಂಕಟೇಶ್ ಅವರ ವೃತ್ತಿಜೀವನದಿಂದ ಕಲಿಯೋದು ಒಂದೇ: ಅಳೆಯದೆ ಇದ್ದರೆ ಸಮಸ್ಯೆ ಇಲ್ಲ ಅಂತಲೇ ಆಡಳಿತ ನಂಬುತ್ತೆ. ಆದ್ದರಿಂದ ಜಿಲ್ಲಾಡಳಿತಕ್ಕೆ ಮೂರು ಪ್ರಶ್ನೆ. ಜಿಲ್ಲಾಸ್ಪತ್ರೆಯಲ್ಲಿ ರಕ್ತದ ಸೀಸ ಪರೀಕ್ಷೆಗೆ ವ್ಯವಸ್ಥೆ ಇದೆಯಾ? ಬ್ಯಾಟರಿ ಶೆಡ್ಡುಗಳ ಪಟ್ಟಿ ಇದೆಯಾ? ಅಂಗನವಾಡಿಗೆ ಬಳಿಯೋ ಪೇಂಟಿನ ಟೆಂಡರಿನಲ್ಲಿ 90 ಪಿಪಿಎಂ ಷರತ್ತು ಬರೆದಿದ್ದಾರಾ?

ಅಲ್ಲಿವರೆಗೆ ನಾವು ಮಾಡಬಹುದಾದದ್ದು ಇಷ್ಟು. ಡಬ್ಬಿಯ ಲೇಬಲ್ ಓದಿ. ಹಳೇ ಪೇಂಟನ್ನು ಒಣಗಿರುವಾಗ ಉಜ್ಜಬೇಡಿ, ನೀರು ಹಚ್ಚಿ ಕೆರೆಯಿರಿ. ಆ ಹೊತ್ತು ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಿ. ಊಟಕ್ಕೆ ಮುಂಚೆ ಮಗುವಿನ ಕೈ ತೊಳೆಸಿ. ಬಣ್ಣ ಬಳಿಯೋ ಕೆಲಸದವರಿಗೂ ಇದನ್ನು ಹೇಳಿ, ಮೊದಲು ಧೂಳು ಕುಡಿಯೋದು ಅವರೇ.