ವಾಂತಿಭೇದಿಯ ಮಗುವೂ ಸ್ಕ್ಯಾನಿಂಗ್ ಯಂತ್ರವೂ

ವಾಂತಿಭೇದಿಯಿಂದ ಬಳಲಿ ಬಂದ ಶಿಶುವಿನ ದೇಹದಿಂದ ಎಷ್ಟು ನೀರು ಹೋಗಿದೆಯೆಂದು ನಿಶ್ಚಯಿಸುವುದು, ನೋಡುವವರಿಗೆ ಸುಲಭವೆಂದು ತೋರಿದರೂ, ವೈದ್ಯನ ಪಾಲಿಗೆ ಬಹು ಸಂದಿಗ್ಧವಾದ ಕಾರ್ಯ. ಕಾಯಿಲೆಗೆ ಮುನ್ನ ಮಗುವಿನ ತೂಕವೆಷ್ಟಿತ್ತೆಂದು ತಿಳಿದಿದ್ದರೆ ಕಳೆಯುವ ಲೆಕ್ಕವೊಂದರಿಂದಲೇ ಉತ್ತರ ದೊರೆಯುತ್ತದೆ. ಆದರೆ ಆ ಅಂಕಿ ವೈದ್ಯನ ಕೈಗೆ ಸಿಗುವುದು ಅಪರೂಪವಾದ್ದರಿಂದ, ಗುಳಿಬಿದ್ದ ಕಣ್ಣು, ಕಣ್ಣೀರಿಲ್ಲದ ಅಳು, ಹೊಟ್ಟೆಯ ಮೇಲಣ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಮೆಲ್ಲಮೆಲ್ಲನೆ ಮರಳುವ ಪರಿ, ಇವುಗಳಿಂದಲೇ ಆತ ಊಹಿಸಬೇಕಾಗುತ್ತದೆ. ಪೋಷಣೆಯಿಲ್ಲದೆ ಕೃಶವಾದ ಮಗುವಿನಲ್ಲಿ ಈ ಚಿಹ್ನೆಗಳೂ ವಂಚಿಸುವುದುಂಟು.

ಈ ಸಂದಿಗ್ಧವನ್ನು ಅಲ್ಟ್ರಾಸೌಂಡ್ ಯಂತ್ರ ಪರಿಹರಿಸೀತೆಂಬ ಆಶೆ ವೈದ್ಯಲೋಕದಲ್ಲಿ ಮೂಡಿ ಕೆಲವು ಕಾಲವಾಯಿತು. ದೇಹದ ಕೆಳಭಾಗದಿಂದ ರಕ್ತವನ್ನು ಹೃದಯಕ್ಕೆ ಮರಳಿಸುವ ಮಹಾಸಿರೆಯ ಗೋಡೆ ತೆಳುವಾದುದು, ದ್ರವ ಕಡಮೆಯಾದೊಡನೆ ಕುಗ್ಗತಕ್ಕದ್ದು. ಪಕ್ಕದಲ್ಲಿರುವ ಮಹಾಧಮನಿಯಾದರೋ ಗಟ್ಟಿಗೋಡೆಯದಾದ್ದರಿಂದ ತನ್ನ ಅಳತೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಎರಡರ ವ್ಯಾಸಗಳನ್ನು ಪರದೆಯ ಮೇಲೆ ಅಳೆದು ಹೋಲಿಸಿದರೆ, ಸೂಜಿಯಿಲ್ಲದೆ, ನೋವಿಲ್ಲದೆ, ನಿರ್ಜಲೀಕರಣದ ಪ್ರಮಾಣ ಗೊತ್ತಾಗಬೇಕೆಂಬುದು ತರ್ಕ. 2010ರಲ್ಲಿ ಪ್ರಕಟವಾದ, ರುವಾಂಡಾದ ಮಕ್ಕಳನ್ನು ಕುರಿತ ಸಣ್ಣ ಅಧ್ಯಯನವೊಂದು ಈ ತರ್ಕಕ್ಕೆ ಬಲ ಕೊಟ್ಟಿತು. ಆದರೆ ಢಾಕಾದ ಅಂತಾರಾಷ್ಟ್ರೀಯ ಅತಿಸಾರ ಸಂಶೋಧನ ಕೇಂದ್ರದಲ್ಲಿ 2014ರಲ್ಲಿ, ಐದು ವರ್ಷದೊಳಗಿನ 850 ಮಕ್ಕಳ ಮೇಲೆ ಅದನ್ನು ಒರೆಹಚ್ಚಿದಾಗ ಯಂತ್ರದ ಅಳತೆ ನೆಚ್ಚತಕ್ಕದ್ದಲ್ಲವೆಂದು ಕಂಡುಬಂದಿತು. ಉಸಿರಾಟಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುವ ಸಿರೆಯನ್ನು, ಅತ್ತು ಹೊರಳಾಡುವ ಕೂಸಿನಲ್ಲಿ ಅಳೆಯುವುದೆಂದರೆ ಆಟವೇ? ಸ್ವಾರಸ್ಯವೇನೆಂದರೆ, ಮಗುವಿನ ಒಟ್ಟು ಚರ್ಯೆ, ಉಸಿರು, ಚರ್ಮ, ಕಣ್ಣೀರು ಎಂಬ ನಾಲ್ಕೇ ಲಕ್ಷಣಗಳಿಗೆ ಅಂಕವಿಟ್ಟು ಕೂಡಿಸುವ ಕ್ರಮವೊಂದು ಅದೇ ಮಕ್ಕಳ ಪರೀಕ್ಷೆಯಿಂದ ರೂಪುಗೊಂಡು, ಯಂತ್ರಕ್ಕಿಂತ ಮೇಲೆನಿಸಿತು.

ನಮ್ಮ ದೇಶದಲ್ಲಿ ಮತ್ತೊಂದು ತೊಡಕೂ ಉಂಟು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ 1994ರ ಕಾಯಿದೆಯ ಮೇರೆಗೆ ಈ ಯಂತ್ರಗಳು ನೋಂದಣಿಗೆ ಒಳಪಟ್ಟಿವೆ. ಮನಬಂದಂತೆ ಊರೂರಿಗೆ ಅವನ್ನು ಹೊತ್ತು ತಿರುಗುವಂತಿಲ್ಲ. ಹೆಣ್ಣುಶಿಶುವಿನ ರಕ್ಷಣೆಗೆಂದು ಬಂದ ಆ ಕಟ್ಟುಪಾಡನ್ನು ಈ ಕಾರಣಕ್ಕಾಗಿ ಸಡಿಲಿಸಬೇಕೆಂದು ನಾನಂತೂ ಹೇಳಲಾರೆ. ದೊಡ್ಡ ಆಸ್ಪತ್ರೆಯಲ್ಲಿ, ರಕ್ತದೊತ್ತಡ ಕುಸಿದ ಮಗುವಿನ ಬಳಿ, ನುರಿತ ಕೈಗೆ ಯಂತ್ರ ನೆರವಾಗಲಿ, ಅದಕ್ಕೆ ಆಕ್ಷೇಪವಿಲ್ಲ.

ಆದರೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ಬೇಕಾದುದು ಬೇರೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ವಾಂತಿಭೇದಿ ಹಬ್ಬಿ, ಸಿರೆಗೆ ಹರಿಸುವ ದ್ರವವೂ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸರು ಸಕ್ಕರೆ ಮತ್ತು ಲವಣಗಳ ನೀರನ್ನು ಕುಡಿಸಿಯೇ ಅಸಂಖ್ಯ ಪ್ರಾಣಗಳನ್ನುಳಿಸಿದರು. ಇಂದಿಗೂ, ಮಧ್ಯಮ ತೆರನ ನಿರ್ಜಲೀಕರಣಕ್ಕೆ ವಿಧಿಸಿರುವ ಚಿಕಿತ್ಸೆ ಕಿಲೋ ತೂಕಕ್ಕೆ 75 ಮಿಲಿಲೀಟರಿನಂತೆ ನಾಲ್ಕು ಗಂಟೆಗಳಲ್ಲಿ ಓಆರ್‌ಎಸ್ ಎಂಬ ಅಂಥದೇ ನೀರನ್ನು ಕುಡಿಸುವುದೇ. ಅಲ್ಲಿಯೂ ಬೇಕಾದುದು ತೂಕವೇ! ಅಂಗನವಾಡಿಯಲ್ಲಿ ತಿಂಗಳು ತಿಂಗಳು ಮಗುವನ್ನು ತೂಗಿ ಬರೆದಿಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ. ವೈದ್ಯನಿಗೆ ದೊರಕದ ಆ ಅಂಕಿ ಪುಸ್ತಕದಲ್ಲಿ ಸುಮ್ಮನೆ ಮಲಗಿರುತ್ತದೆ. ಅದು ಕೆಲವು ವಾರ ಹಳೆಯದಾಗಿರಬಹುದು, ಆದರೂ ಏನೂ ಇಲ್ಲದ ಊಹೆಗಿಂತ ಮೇಲು.

ಆದ್ದರಿಂದ ಸರಕಾರವು ಹೊಸ ಯಂತ್ರಕ್ಕೆ ಹಣವೆತ್ತಿಡುವ ಮುನ್ನ ಪ್ರತಿ ಅಂಗನವಾಡಿಗೂ ಸರಿಯಾದ ತಕ್ಕಡಿಯನ್ನು ಒದಗಿಸಲಿ, ಆ ತೂಕ ತಾಯಿ-ಮಗುವಿನ ಆರೋಗ್ಯದ ದಾಖಲೆಯಾದ ತಾಯಿ ಕಾರ್ಡಿನಲ್ಲಿ ತಪ್ಪದೆ ನಮೂದಾಗುವಂತೆ ನೋಡಿಕೊಳ್ಳಲಿ. ಮಗುವನ್ನು ಆಸ್ಪತ್ರೆಗೆ ಒಯ್ಯುವ ತಾಯಂದಿರು ಆ ಕಾರ್ಡನ್ನು ಜೊತೆಗೆ ಕೊಂಡೊಯ್ಯಲಿ.