ಗೋಡೆಯ ಪ್ಲಾಸ್ಟರ್, ಮೂಳೆಯ ಪ್ಲಾಸ್ಟರ್ ಎರಡೂ ಒಂದೇನಾ?

‘ಪ್ಲಾಸ್ಟರ್ ಆಯ್ತಾ?’ ರಾಯಚೂರು ತಾಲೂಕಿನ ಗುಂಜಹಳ್ಳಿಯಲ್ಲಿ ಯಾರಾದರೂ ಹೀಗೆ ಕೇಳಿದರೆ ಅದು ಹೊಸ ಮನೆಯ ಮಾತೂ ಆಗಬಹುದು, ಮುರಿದ ಕಾಲಿನ ಮಾತೂ ಆಗಬಹುದು. ಹೆಸರು ಒಂದೇ, ವಸ್ತು ಬೇರೆ ಬೇರೆ.

ಗೋಡೆಗೆ: ಇಂದಿನ ಗಿಲಾವು ಸಿಮೆಂಟ್, ಮರಳು ಮತ್ತು ನೀರಿನ ಮಿಶ್ರಣ. ವಿಜಯಪುರದ ಗೋಳಗುಮ್ಮಟದ ಕಾಲದಲ್ಲಿ ಸುಣ್ಣದ ಗಾರೆ ಇತ್ತು.

ಗಾಯಕ್ಕೆ: ಅಂಟಿಸುವ ಪಟ್ಟಿಯನ್ನೂ ಪ್ಲಾಸ್ಟರ್ ಎನ್ನುತ್ತೇವೆ. ಅದರಲ್ಲಿ ಇಂಥ ಯಾವ ಪುಡಿಯೂ ಇಲ್ಲ.

ಮೂಳೆಗೆ: ಬಳಸುವುದು ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ). ಜಿಪ್ಸಮ್ ಅನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ನೀರಿನಂಶ ಕಳೆದು ಈ ಪುಡಿ ಸಿಗುತ್ತದೆ. ನೀರು ಬೆರೆಸಿದರೆ ಮತ್ತೆ ಜಿಪ್ಸಮ್ ಆಗಿ ಗಟ್ಟಿಯಾಗುತ್ತದೆ. ಮನೆಯ ಸೀಲಿಂಗ್‌ಗೆ ಬಳಸುವುದೂ ಇದೇ ಬಗೆಯ ಪುಡಿ.

ಹಾಗಾದರೆ ಅಂಗಡಿಯ ಪಿಒಪಿ ತಂದು ಮನೆಯಲ್ಲೇ ಕಟ್ಟಬಹುದೇ?

ಬೇಡ. ಗಟ್ಟಿಯಾಗುವಾಗ ಪಿಒಪಿ ಬಿಸಿಯಾಗುತ್ತದೆ. ದಪ್ಪಗೆ ಮೆತ್ತಿದರೆ ಚರ್ಮ ಸುಡಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲು ಹತ್ತಿ ಸುತ್ತುತ್ತಾರೆ. ಅಲ್ಲದೆ ಮೂಳೆ ಸರಿಯಾಗಿ ಕೂತಿದೆಯೇ ಎಂದು ಎಕ್ಸ್‌ರೇ ನೋಡಬೇಕು.

‘ಪ್ಲಾಸ್ಟರ್ ಹಾಕಿದ ಮೇಲೆ ನೋವು ಸಹಜ’ ಎಂಬುದು ನಿಜವೇ?

ಅರ್ಧ ನಿಜ. ನೋವು ದಿನೇದಿನೇ ಇಳಿಯಬೇಕು. ಏರುತ್ತಲೇ ಹೋದರೆ, ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ ಅಪಾಯ. ಒಳಗೆ ಬಾವು ಹೆಚ್ಚಿ, ಹಿಗ್ಗಲು ಜಾಗವಿಲ್ಲದೆ, ರಕ್ತ ಸಂಚಾರ ನಿಲ್ಲಬಹುದು. ಕೆಲವೇ ಗಂಟೆಗಳಲ್ಲಿ ಸ್ನಾಯು ಶಾಶ್ವತವಾಗಿ ಹಾಳಾಗಬಹುದು. ನಾಟಿ ಔಷಧಿಯವರು ಕಟ್ಟುವ ಬಿದಿರಿನ ದಬ್ಬೆ ಬಿಗಿಯಾದರೂ ಇದೇ ಅಪಾಯವಿದೆ.

ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಅಪರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.